ಪಣಜಿಯಲ್ಲಿ ಯಾವ ಕಡೆ ಇಳಿಯೋದು?

ಕೇಳುಗರಿಗೆ ನಮಸ್ಕಾರ. ದೀಪಾವಳಿ ಸೂಟಿ ಬಂತು ಅಂದ್ರೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ಗೋವಾ ನೆನಪಾಗುತ್ತದೆ. ಅಳ್ನಾವರ, ಲೋಂಡಾ ದಾಟಿ ಅನಮೋಡ ಘಾಟ್ ಇಳಿದರೆ ಮುಗೀತು. ದಾರಿಯ ಬಗ್ಗೆ ಯಾರದೂ ತಕರಾರಿಲ್ಲ. ರೂಮ್ ಎಲ್ಲಿ ಮಾಡೋದು ಅನ್ನುವುದಕ್ಕೇ ಮನೆಯಲ್ಲಿ ಜಗಳ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಣಜಿ ಊರು ಇರುವುದು ಮಾಂಡವಿ ನದಿಯ ದಂಡೆಯಲ್ಲಿ. ‘ನೀರು ಕಾಣುವ ರೂಮ್’ ಅಂತ ಜಾಸ್ತಿ ದುಡ್ಡು ಕೇಳಿದರೆ, ಕಾಣುವುದು ನದಿಯೋ ಸಮುದ್ರವೋ ಅಂತ ಕೇಳಿ. ನದಿಯ ಕಡೆ ಕ್ಯಾಸಿನೊ ಹಡಗುಗಳಿವೆ. ಸಂಜೆಯಾದರೆ ಆ ರಸ್ತೆಯಲ್ಲಿ ಗಾಡಿಗಳ ಗದ್ದಲ. ಮಕ್ಕಳನ್ನು ಬೇಗ ಮಲಗಿಸುವವರಿಗೆ ಅದು ಹೇಳಿದ ಜಾಗವಲ್ಲ.

ಮಕ್ಕಳು, ಅಜ್ಜಿ ಎಲ್ಲರೂ ಜೊತೆಗಿದ್ದರೆ ನಾನು ಮಿರಾಮಾರ್ ಅಥವಾ ಅದರ ಪಕ್ಕದ ಕಾರಂಜಾಳೆಂ ಅನ್ನುತ್ತೇನೆ. ಪೇಟೆಯಿಂದ ಮಿರಾಮಾರ್‌ಗೆ ಸುಮಾರು 3 ಕಿಲೋಮೀಟರ್, ಸಿಟಿ ಬಸ್ ಇದೆ. ಅಗಲವಾದ ಮರಳು, ಸಪಾಟು ನೆಲ. ಮಂಡಿನೋವು ಇದ್ದವರೂ ಬೆಳಿಗ್ಗೆ ಚಹಾ ಕುಡಿದು ನಿಧಾನಕ್ಕೆ ಒಂದು ಸುತ್ತು ಹಾಕಬಹುದು. ಆದರೆ ಮಾಂಡವಿ ಸಮುದ್ರ ಸೇರುವುದು ಅಲ್ಲೇ, ಒಳಗೆ ಸೆಳೆತ ಇರುತ್ತದೆ. ಕಾಲು ತೋಯಿಸಿಕೊಳ್ಳಿ, ಈಜಲು ಹೋಗಬೇಡಿ. ಕೆಂಪು ಬಾವುಟ ಕಂಡರಂತೂ ದಂಡೆಯಲ್ಲೇ ಇರಿ. ಈಜಲೇಬೇಕು ಅನ್ನುವ ಹುಡುಗರು ಬೇರೆ ಬೀಚ್ ನೋಡಿಕೊಳ್ಳುವುದು ಒಳ್ಳೇದು.

ಹೊಸದಾಗಿ ಮದುವೆಯಾದವರಿಗೆ, ಸುಮ್ನೆ ಅಡ್ಡಾಡುವವರಿಗೆ ಫೊಂಟೇನ್ಯಾಸ್ ಚಂದ. ಪೋರ್ಚುಗೀಸರ ಕಾಲದ ಬಣ್ಣಬಣ್ಣದ ಮನೆಗಳು, ಇಕ್ಕಟ್ಟಾದ ಓಣಿಗಳು. ಸ್ವಂತ ಕಾರು ತಂದವರು ಮಾತ್ರ ಅದನ್ನು ಎಲ್ಲಿ ನಿಲ್ಲಿಸೋದು ಅಂತ ಮೊದಲೇ ಕೇಳಿಕೊಳ್ಳಬೇಕು. ಹಳೇ ಮನೆಗಳಲ್ಲಿ ಕಟ್ಟಿಗೆಯ ಮೆಟ್ಟಿಲು ಇರುತ್ತವೆ, ಅಜ್ಜಿಯನ್ನು ಅಲ್ಲಿ ಹತ್ತಿಸಬೇಡಿ. ದೋನಾಪಾವ್ಲಾ ಸಂಜೆ ನೋಡಿ ಬರುವ ಜಾಗ, ಉಳಿಯಲು ದೂರವಾಯಿತು.

ಇನ್ನು ಊಟ. ಮೀನು ತಿನ್ನುವವರಿಗೆ ಯಾವ ಓಣಿಯಾದರೂ ಸರಿ. ನಮ್ಮಂಥ ಸಸ್ಯಾಹಾರಿಗಳಿಗೆ ಪೇಟೆಯ ಚರ್ಚಿನ ಸುತ್ತಮುತ್ತ ಅನುಕೂಲ. ರೊಟ್ಟಿ ಇಲ್ಲದೆ ಎರಡು ದಿನ ಕಳೆಯಲು ಆಗದವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತಾರೆ, ಅಲ್ವಾ?

ಸ್ಕೂಟರ್ ಬಾಡಿಗೆಗೆ ತಗೊಂಡರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇದೆಯೇ ನೋಡಿ. ಬಾಡಿಗೆಯ ಪರವಾನಗಿ ಇರುವ ಗಾಡಿಯ ಗುರುತು ಅದು. ರಾತ್ರಿ ಬಸ್ಸಿಗೆ ಹೊರಟು ನಸುಕಿನಲ್ಲಿ ಇಳಿಯುವವರು, ಆ ಹೊತ್ತಿಗೇ ರೂಮ್ ಕೊಡುತ್ತಾರೋ ಇಲ್ಲವೋ ಅಂತ ಮುಂಗಡ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿ. ನಮಸ್ಕಾರ.