ಅಲ್ಲಲ್ಲಿ ಎಂದರೆ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಹಾವೇರಿ ಕಡೆಯ ನಮ್ಮೂರಿನಿಂದ ಅಣ್ಣ ಪ್ರತಿ ಅಕ್ಟೋಬರಿನಲ್ಲೂ ಫೋನ್ ಮಾಡುತ್ತಾನೆ. “ತಮ್ಮಾ, ರೇಡಿಯೊದಲ್ಲಿ ಅಲ್ಲಲ್ಲಿ ಮಳೆ ಎಂದರು. ಅಲ್ಲಲ್ಲಿ ಎಂದರೆ ಎಲ್ಲಿ? ಕಣದ ಮೇಲೋ, ಕಡಲೆ ಹೊಲದ ಮೇಲೋ?” ಕಣದಲ್ಲಿ ಗೋವಿನಜೋಳ ಹರವಿರುತ್ತದೆ, ಅದಕ್ಕೆ ಬಿಸಿಲು ಬೇಕು. ಎರೆಹೊಲದಲ್ಲಿ ಕಡಲೆ ಬಿತ್ತಬೇಕು, ಅದಕ್ಕೆ ಒಂದು ಹದ ಮಳೆ ಬೇಕು. ಕಣಕ್ಕೂ ಹೊಲಕ್ಕೂ ನಡುವೆ ಅರ್ಧ ಮೈಲಿಯೂ ಇಲ್ಲ. ಹವಾಮಾನ ಇಲಾಖೆಯಲ್ಲಿ ಮಳೆಮಾಪಕದ ನೀರು ಅಳೆದು ಸಂಬಳ ತಿಂದವನು ನಾನು. ಮೋಡಕ್ಕೆ ವಿಳಾಸ ಬರೆದುಕೊಡುವವನಲ್ಲ. ಹಾಗೆಂದರೆ ಅಣ್ಣ ಒಪ್ಪುವುದಿಲ್ಲ.

ಅಲ್ಲಲ್ಲಿ ಎಂಬುದು ಜಾರಿಕೊಳ್ಳುವ ಮಾತಲ್ಲ, ಅದಕ್ಕೊಂದು ಲೆಕ್ಕವಿದೆ. ಒಂದು ಪ್ರದೇಶದ ಮಳೆ ಕೇಂದ್ರಗಳಲ್ಲಿ ನಾಲ್ಕರಲ್ಲೊಂದು ಪಾಲಿನವರೆಗೆ ಮಳೆಯಾಗುವಂತಿದ್ದರೆ ಅಲ್ಲಲ್ಲಿ. ಅರ್ಧದವರೆಗೆ ಕೆಲವೆಡೆ, ಮುಕ್ಕಾಲು ಪಾಲಿನವರೆಗೆ ಹಲವೆಡೆ, ಅದನ್ನೂ ಮೀರಿದರೆ ಬಹುತೇಕ ಎಲ್ಲೆಡೆ. ಭಾರಿ ಮಳೆ ಎಂಬ ಮಾತೂ ಹೀಗೆಯೇ: ಒಂದು ದಿನದಲ್ಲಿ 64.5 ಮಿಲಿಮೀಟರ್ ಮುಟ್ಟುವವರೆಗೆ, ನಿಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು ಹರಿದರೂ, ನಮ್ಮ ದಾಖಲೆಯಲ್ಲಿ ಅದು ಭಾರಿ ಅಲ್ಲ. ದಿನ ಎಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆ. ಸೋಮವಾರ ಒಂಬತ್ತು ಗಂಟೆಗೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಹೋಗುತ್ತದೆ. ಈ ಒಂದು ಸಂಗತಿ ತಿಳಿಯದೆ ಎಷ್ಟು ಜನ ನಮ್ಮೊಡನೆ ಜಗಳಕ್ಕೆ ಬಂದಿದ್ದಾರೆಂದು ಹೇಳಿ ಪೂರೈಸದು.

ಈಗ ದೇಶದ ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೈಋತ್ಯ ಮುಂಗಾರು ವಾಡಿಕೆಯಂತೆ ಸೆಪ್ಟೆಂಬರ್ 17ರ ಹೊತ್ತಿಗೆ ಪಶ್ಚಿಮ ರಾಜಸ್ಥಾನದಿಂದ ಕಾಲು ತೆಗೆಯುತ್ತದೆ, ಅಕ್ಟೋಬರ್ 15ರ ಹೊತ್ತಿಗೆ ದೇಶವನ್ನೇ ಬಿಡುತ್ತದೆ. ಸುಮ್ಮನೆ ಎರಡು ದಿನ ಮಳೆ ನಿಂತರೆ ಹೋಯಿತೆನ್ನುವಂತಿಲ್ಲ. ಐದು ದಿನ ಸತತ ಒಣಗಬೇಕು, ಗಾಳಿಯಲ್ಲಿನ ತೇವ ಇಳಿಯಬೇಕು, ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿ ದಿಕ್ಕು ಬದಲಿಸಿರಬೇಕು. ಅಲ್ಲಿಂದ ಮುಂದೆ ವಾಯವ್ಯದಲ್ಲಿ ಮುನ್ಸೂಚನೆ ಸಲೀಸು: ಹಗಲು ಸ್ವಚ್ಛ ಬಿಸಿಲು, ರಾತ್ರಿ ತಂಪು. ನಡುನಡುವೆ ಪಶ್ಚಿಮದಿಂದ ಬರುವ ಮಾರುತಗಳು ಲಡಾಖ್, ಹಿಮಾಚಲದ ಎತ್ತರಗಳಲ್ಲಿ ಹಿಮ ಸುರಿಸುತ್ತವೆ. ದೆಹಲಿಯಲ್ಲಂತೂ ತಿಂಗಳ ಕೊನೆಗೆ ಜನ ಮಳೆಯನ್ನು ಮರೆತು ಗಾಳಿಯನ್ನು ಕೇಳತೊಡಗುತ್ತಾರೆ. ಗಾಳಿ ನಿಂತರೆ ಕೊಯ್ದ ಗದ್ದೆಗಳ ಕೂಳೆ ಸುಟ್ಟ ಹೊಗೆ, ವಾಹನಗಳ ಹೊಗೆ ಎಲ್ಲವೂ ನೆಲಮಟ್ಟದಲ್ಲೇ ಕೂರುತ್ತದೆ.

ಕಷ್ಟವಿರುವುದು ನಮ್ಮ ಭಾಗದಲ್ಲಿ. ಮೋಡ ಸರಿದು ಬಿಸಿಲು ಚುರುಕಾಗಿರುತ್ತದೆ, ನೆಲದಲ್ಲಿ ತೇವ ಇನ್ನೂ ಇರುತ್ತದೆ. ಮಧ್ಯಾಹ್ನ ಮೂರಕ್ಕೆ ಹೂಕೋಸಿನಂಥ ಬಿಳಿ ಮೋಡವೊಂದು ಮೇಲೇಳುತ್ತದೆ, ನಾಲ್ಕೂವರೆಗೆ ಅದರ ಬುಡ ಕಪ್ಪಾಗಿ ತಣ್ಣನೆ ಗಾಳಿ ಬೀಸುತ್ತದೆ, ಆಮೇಲೆ ಗುಡುಗು. ಒಂದೂರು ತೊಯ್ದರೆ ಪಕ್ಕದೂರಲ್ಲಿ ಧೂಳು. ನಮ್ಮ ಹಿರಿಯರು ಈ ಹೊತ್ತಿನ ಚಿತ್ತಾ ನಕ್ಷತ್ರದ ಮಳೆಯನ್ನು ಕುರುಡು ಚಿತ್ತೆ ಎನ್ನುತ್ತಿದ್ದುದು ಸುಮ್ಮನೆಯಲ್ಲ. ಇಂಥ ಮೋಡ ಮೂರು ದಿನ ಮೊದಲು ಎಲ್ಲಿಯೂ ಇರುವುದಿಲ್ಲ, ಇರದಿದ್ದನ್ನು ಗುರುತಿಸುವುದು ಹೇಗೆ? ಅದು ಹುಟ್ಟಿದ ಮೇಲೆ ರೇಡಾರ್ ನೋಡಿ ಎರಡು ಮೂರು ಗಂಟೆಯ ಸೂಚನೆ ಕೊಡಬಹುದು, ಅಷ್ಟೆ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ದನ ಮೇಯಿಸುವವರು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ವಿಚಿತ್ರವೆಂದರೆ, ನೂರಾರು ಕಿಲೋಮೀಟರ್ ಅಗಲದ ಚಂಡಮಾರುತದ ದಾರಿಯನ್ನು ದಿನಗಟ್ಟಲೆ ಮೊದಲೇ ಹೇಳಬಹುದು. ಬಂಗಾಳ ಕೊಲ್ಲಿಗೆ ಅಕ್ಟೋಬರ್ ಕೆಟ್ಟ ತಿಂಗಳು. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಬಂದಾಗ ಕೆಲವು ದಿನ ಮೊದಲೇ ಎಚ್ಚರಿಕೆ ಸಿಕ್ಕಿತ್ತು, ಲಕ್ಷಾಂತರ ಜನ ಆಗಲೇ ಕರಾವಳಿ ಬಿಟ್ಟು ಹೋಗಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆದ್ದರಿಂದ ಕೊಲ್ಲಿಯಲ್ಲಿ ‘ವಾಯುಭಾರ ಕುಸಿತ’ ಎಂಬ ಪದ ಕಿವಿಗೆ ಬಿದ್ದ ದಿನದಿಂದ ಬುಲೆಟಿನ್ ತಪ್ಪಿಸಬೇಡಿ. ಅದು ತಮಿಳುನಾಡು, ಆಂಧ್ರದ ಕಡೆ ತಿರುಗಿದರೆ ನಮ್ಮ ದಕ್ಷಿಣ ಒಳನಾಡಿಗೂ ಮೂರು ದಿನ ಜಡಿಮಳೆ. ಹಿಂಗಾರಿನ ಈಶಾನ್ಯ ಗಾಳಿ ನೆಲೆಗೊಳ್ಳುವುದೂ ಹೆಚ್ಚುಕಡಿಮೆ ಇದೇ ವೇಳೆಗೆ, ತಿಂಗಳ ಇಪ್ಪತ್ತರ ಆಸುಪಾಸಿನಲ್ಲಿ. ತಮಿಳುನಾಡಿನ ವರ್ಷದ ಮಳೆಯಲ್ಲಿ ಅರ್ಧದಷ್ಟು ಇದರದೇ.

ಅಣ್ಣನಿಗೆ ಹೋದ ಸಲ ಹೇಳಿದ್ದು ಇಷ್ಟೇ: ಬೆಳಿಗ್ಗೆ ಕಾಳು ಹರವು, ಮೂರು ಗಂಟೆಗೆ ಬಾನು ನೋಡು, ತಾಡಪತ್ರಿ ಕೈಗೆಟಕುವಲ್ಲಿರಲಿ. ಸಂಜೆ ಫೋನ್ ಬಂತು. ಮಳೆ ಕಣದ ಮೇಲೂ ಬಿದ್ದಿರಲಿಲ್ಲ, ಕಡಲೆ ಹೊಲಕ್ಕೂ ಬಂದಿರಲಿಲ್ಲ. ಹಳ್ಳದಾಚೆ ಬೀಗರ ಹೊಲಕ್ಕೆ ಸುರಿದಿತ್ತು. ಅವರು ಹೊಲಕ್ಕೆ ಕೂರಿಗೆ ಹೂಡುವ ಮಾತಾಡುತ್ತಿದ್ದರಂತೆ.

ನಮಸ್ಕಾರ.