ಕೀಮೋಥೆರಪಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆಯೇ, ಎಬ್ಬಿಸುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕೀಮೋ ಶುರುವಾದ ಮನೆಯಲ್ಲಿ ಪದೇ ಪದೇ ಕೇಳಿಬರುವ ಮಾತು, "ಬಿಳಿ ರಕ್ತಕಣ ಇಳಿದಿದೆಯಂತೆ." ಮಾತು ನಿಜ. ಸ್ತನ ಕ್ಯಾನ್ಸರ್‌ಗೆ ಎರಡು ಔಷಧಿ ಸೇರಿಸಿ ಕೊಡುವ ಎಸಿ ಕ್ರಮವನ್ನೇ ನೋಡಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 60 ಮಿ.ಗ್ರಾಂ ಡಾಕ್ಸೊರುಬಿಸಿನ್, 600 ಮಿ.ಗ್ರಾಂ ಸೈಕ್ಲೊಫಾಸ್ಫಮೈಡ್, ರೂಢಿಯಲ್ಲಿ 21 ದಿನಕ್ಕೊಮ್ಮೆ. ಬೇಗಬೇಗ ವಿಭಜನೆಯಾಗುವ ಕೋಶಗಳಿಗೆಲ್ಲ ಏಟು ಬೀಳುವುದರಿಂದ ಅಸ್ಥಿಮಜ್ಜೆಯೂ ಬಳಲುತ್ತದೆ. ಸೋಂಕಿನ ವಿರುದ್ಧ ಮೊದಲು ಹೋರಾಡುವ ಬಿಳಿಕಣಗಳಾದ ನ್ಯೂಟ್ರೋಫಿಲ್‌ಗಳು ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ ತಳಮುಟ್ಟಿ, ಮುಂದಿನ ಸುತ್ತಿನ ಹೊತ್ತಿಗೆ ಮೇಲೇರುತ್ತವೆ. ಲಿಂಫೋಸೈಟ್‌ಗಳೆಂಬ ಇನ್ನೊಂದು ಬಗೆಯ ಬಿಳಿಕಣಗಳು, ಅದರಲ್ಲೂ ಪ್ರತಿಕಾಯ ತಯಾರಿಸುವ ಬಿ ಕೋಶಗಳು, ತಿಂಗಳುಗಟ್ಟಲೆ ಕಡಿಮೆ ಇರಬಹುದು.

ಆದರೆ ಇಷ್ಟಕ್ಕೇ ನಿಂತರೆ ಅರ್ಧ ವಿಷಯ ಕೈತಪ್ಪುತ್ತದೆ. ಇದೇ ಔಷಧಿಗಳಲ್ಲಿ ಕೆಲವು ಗೆಡ್ಡೆಯ ವಿರುದ್ಧ ಟಿ ಕೋಶಗಳನ್ನು (ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಲಿಂಫೋಸೈಟ್‌ಗಳು) ಎಬ್ಬಿಸಬಲ್ಲವು. ಯಾವ ಔಷಧಿ, ಎಷ್ಟು, ಯಾವಾಗ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪ್ಯಾರಿಸ್ ಬಳಿಯ ಗುಸ್ತಾವ್ ರೂಸಿ ಸಂಸ್ಥೆಯಲ್ಲಿ ಗಿಡೊ ಕ್ರೋಮರ್, ಲಾರೆನ್ಸ್ ಜಿಟ್ವೊಗೆಲ್ ಅವರ ತಂಡಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಡಾಕ್ಸೊರುಬಿಸಿನ್‌ನಿಂದ ಸಾಯಿಸಿ, ಆ ಸಾಯುತ್ತಿರುವ ಕೋಶಗಳನ್ನು ಆರೋಗ್ಯವಂತ ಇಲಿಯ ಒಂದು ಪಕ್ಕೆಯ ಚರ್ಮದಡಿ ಚುಚ್ಚಿದರು. ಸುಮಾರು ಒಂದು ವಾರ ಬಿಟ್ಟು ಇನ್ನೊಂದು ಪಕ್ಕೆಗೆ ಅದೇ ಕ್ಯಾನ್ಸರ್‌ನ ಜೀವಂತ ಕೋಶಗಳನ್ನು ಹಾಕಿದರು. ಬಹುಪಾಲು ಇಲಿಗಳಲ್ಲಿ ಗೆಡ್ಡೆ ಬೆಳೆಯಲೇ ಇಲ್ಲ. ಬೇರೆ ಕೆಲವು ಔಷಧಿಗಳಿಂದ ಸತ್ತ ಕೋಶಗಳು ಇಲಿಗಳಿಗೆ ಅಷ್ಟು ರಕ್ಷಣೆ ಕೊಡಲಿಲ್ಲ. ಟಿ ಕೋಶಗಳಿಲ್ಲದ ತಳಿಯ ಇಲಿಗಳಲ್ಲಿ, ಗೆಡ್ಡೆಗೇ ನೇರವಾಗಿ ಡಾಕ್ಸೊರುಬಿಸಿನ್ ಚುಚ್ಚಿದರೂ ಅದು ಕರಗಲಿಲ್ಲ. ಅಂದರೆ ಔಷಧಿಯ ಗುಣದಲ್ಲಿ ಒಂದು ಪಾಲು ಟಿ ಕೋಶಗಳದ್ದು.

ಸಾಯುವ ಕೋಶ ಏನು ಮಾಡಿತು? ಮುಖ್ಯವಾಗಿ ಮೂರು ಸೂಚನೆ ಕೊಟ್ಟಿತು. ಕೋಶದೊಳಗಿನ ಎಂಡೋಪ್ಲಾಸ್ಮಿಕ್ ಜಾಲದಲ್ಲಿರಬೇಕಾದ ಕ್ಯಾಲ್ರೆಟಿಕ್ಯುಲಿನ್ ಎಂಬ ಪ್ರೋಟೀನ್, ಔಷಧಿ ತಗುಲಿದ ಕೆಲವೇ ಗಂಟೆಗಳಲ್ಲಿ ಕೋಶದ ಹೊರಮೈಗೆ ಬರುತ್ತದೆ. ಸತ್ತ ಕೋಶದ ತುಣುಕುಗಳನ್ನು ನುಂಗಿ ಟಿ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಕ್ಕೆ ಅದು "ನನ್ನನ್ನು ನುಂಗು" ಎಂಬ ಗುರುತು. ಹೊರಗೆ ಸೋರುವ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಡೆಂಡ್ರೈಟಿಕ್ ಕೋಶಗಳನ್ನು ಸ್ಥಳಕ್ಕೆ ಸೆಳೆದು, ಅವುಗಳಲ್ಲಿ ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಸಂಕೇತ ಪ್ರೋಟೀನ್ ಇಂಟರ್‌ಲ್ಯುಕಿನ್-1 ಬೀಟಾ ಬಿಡುಗಡೆಯಾಗುವಂತೆ ಮಾಡುತ್ತದೆ. ಕೊನೆಗೆ ನ್ಯೂಕ್ಲಿಯಸ್‌ನಿಂದ ಹೊರಬೀಳುವ ಎಚ್‌ಎಂಜಿಬಿ1 ಎಂಬ ಪ್ರೋಟೀನ್, ಡೆಂಡ್ರೈಟಿಕ್ ಕೋಶದ ಟಿಎಲ್‌ಆರ್4 ಗ್ರಾಹಕವನ್ನು ತಟ್ಟುತ್ತದೆ. ಆಗ ನುಂಗಿದ ತುಣುಕುಗಳನ್ನು ಡೆಂಡ್ರೈಟಿಕ್ ಕೋಶ ಟಿ ಕೋಶಗಳಿಗೆ ಸರಿಯಾಗಿ ತೋರಿಸಬಲ್ಲದು. ಒಂದು ಸೂಚನೆ ತಪ್ಪಿದರೂ ಸರಪಳಿ ಕಡಿಯುತ್ತದೆ. ಆಕ್ಸಾಲಿಪ್ಲಾಟಿನ್ ಮತ್ತು ಸಿಸ್‌ಪ್ಲಾಟಿನ್ ಎರಡೂ ಪ್ಲಾಟಿನಂ ಔಷಧಿಗಳೇ, ಎರಡೂ ಡಿಎನ್‌ಎಗೆ ಅಂಟುತ್ತವೆ. ಆದರೂ ಕ್ಯಾಲ್ರೆಟಿಕ್ಯುಲಿನ್ ಅನ್ನು ಹೊರಮೈಗೆ ತರುವುದು ಆಕ್ಸಾಲಿಪ್ಲಾಟಿನ್ ಮಾತ್ರ. ಎಂಡೋಪ್ಲಾಸ್ಮಿಕ್ ಜಾಲದ ಮೇಲೆ ಒತ್ತಡ ಹಾಕುವ ಇನ್ನೊಂದು ರಾಸಾಯನಿಕ ಜೊತೆಗೂಡಿದರೆ ಸಿಸ್‌ಪ್ಲಾಟಿನ್‌ನ ಕೊರತೆ ಪ್ರಯೋಗಾಲಯದಲ್ಲಿ ತುಂಬುತ್ತದೆ.

ಪ್ರಮಾಣ ಬದಲಾದರೆ ಔಷಧಿಯ ಸ್ವಭಾವವೇ ಬದಲಾಗುವುದಕ್ಕೆ ಸೈಕ್ಲೊಫಾಸ್ಫಮೈಡ್ ಉದಾಹರಣೆ. ದೊಡ್ಡ ಪ್ರಮಾಣದಲ್ಲಿ ಲಿಂಫೋಸೈಟ್‌ಗಳನ್ನೆಲ್ಲ ಅಳಿಸುತ್ತದೆ. ಟಿ ಕೋಶಗಳನ್ನು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲಿ ಬೇಕಾಗುವುದು ಅದೇ: ಫ್ಲುಡರಾಬಿನ್ ಎಂಬ ಇನ್ನೊಂದು ಕೀಮೋ ಔಷಧಿಯ ಜೊತೆ ಇದನ್ನು ಮೊದಲೇ ಕೊಟ್ಟು ಜಾಗ ತೆರವು ಮಾಡಿದರೆ, ಹೊಸ ಟಿ ಕೋಶಗಳಿಗೆ ಬೆಳೆಯಲು ಬೇಕಾದ ಇಂಟರ್‌ಲ್ಯುಕಿನ್-7 ಮತ್ತು 15 ಪೈಪೋಟಿಯಿಲ್ಲದೆ ಸಿಗುತ್ತವೆ. ಆದರೆ ಕಡಿಮೆ ಪ್ರಮಾಣದಲ್ಲಿ, ಅಂದರೆ 50 ಮಿ.ಗ್ರಾಂನಂತೆ ದಿನಕ್ಕೆರಡು ಮಾತ್ರೆ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟಾಗ, ನಮ್ಮದೇ ಪ್ರತಿರೋಧಕ್ಕೆ ಲಗಾಮು ಹಾಕುವ ನಿಯಂತ್ರಕ ಟಿ ಕೋಶಗಳು ಹೆಚ್ಚಾಗಿ ಕುಗ್ಗಿದವು. "ಕಡಿಮೆ ಕೊಟ್ಟರೆ ಒಳ್ಳೆಯದು" ಎಂದು ಇದರಿಂದ ತೀರ್ಮಾನಿಸಬೇಡಿ. ಗುಣಪಡಿಸುವ ಉದ್ದೇಶದ ಕೀಮೋದಲ್ಲಿ ಪ್ರಮಾಣ ಇಳಿಸಿದರೆ ಗೆಡ್ಡೆಯೇ ಉಳಿಯುತ್ತದೆ.

ಇಲಿಯಿಂದ ಮನುಷ್ಯರಿಗೆ ಬಂದಾಗ ಫಲಿತಾಂಶ ಇಷ್ಟು ನೇರವಾಗಿಲ್ಲ. ನೆದರ್ಲೆಂಡ್ಸ್‌ನ ಟಾನಿಕ್ ಪ್ರಯೋಗದಲ್ಲಿ ಹರಡಿದ ಟ್ರಿಪಲ್ ನೆಗೆಟಿವ್ (ಚಿಕಿತ್ಸೆ ಗುರಿಯಿಡುವ ಮೂರು ಮುಖ್ಯ ಗ್ರಾಹಕಗಳಿಲ್ಲದ) ಸ್ತನ ಕ್ಯಾನ್ಸರ್‌ನವರನ್ನು ಗುಂಪು ಮಾಡಿ, ಎರಡು ವಾರ ಬೇರೆ ಬೇರೆ ಪೂರ್ವಚಿಕಿತ್ಸೆ ಕೊಟ್ಟು, ಆಮೇಲೆ ಟಿ ಕೋಶಗಳಿಗಿರುವ ತಡೆ ತೆಗೆಯುವ ನಿವೊಲುಮ್ಯಾಬ್ ಕೊಟ್ಟರು. ಡಾಕ್ಸೊರುಬಿಸಿನ್ ಪಡೆದವರಲ್ಲಿ ಶೇ 35 ಮಂದಿಯ ಗೆಡ್ಡೆ ಸ್ಪಂದಿಸಿತು. ಸಿಸ್‌ಪ್ಲಾಟಿನ್‌ನಲ್ಲಿ ಶೇ 23. ಕಡಿಮೆ ಪ್ರಮಾಣದ ಸೈಕ್ಲೊಫಾಸ್ಫಮೈಡ್‌ನಲ್ಲಿ ಕೇವಲ ಶೇ 8. ಗುಂಪುಗಳು ಚಿಕ್ಕವು, ಹಾಗಾಗಿ ಈ ಅಂಕಿಗಳನ್ನು ದಿಕ್ಸೂಚಿಯೆಂದಷ್ಟೇ ನಾನು ನೋಡುತ್ತೇನೆ. ಗಟ್ಟಿ ಪುರಾವೆ ಕೀನೋಟ್-522 ಎಂಬ ಪ್ರಯೋಗದ್ದು: ಇದೇ ಬಗೆಯ ಕ್ಯಾನ್ಸರ್ ಹರಡುವ ಮೊದಲೇ, ಶಸ್ತ್ರಚಿಕಿತ್ಸೆಗೆ ಮುನ್ನ ಕೀಮೋ ಜೊತೆ ನಿವೊಲುಮ್ಯಾಬ್‌ನಂಥದ್ದೇ ಔಷಧಿ ಪೆಂಬ್ರೊಲಿಜುಮ್ಯಾಬ್ ಸೇರಿಸಿದಾಗ, ಶಸ್ತ್ರಚಿಕಿತ್ಸೆಯ ವೇಳೆ ಗೆಡ್ಡೆ ಪೂರ್ತಿ ಮಾಯವಾಗಿದ್ದವರು ಶೇ 64.8, ಕೀಮೋ ಮಾತ್ರ ಪಡೆದವರಲ್ಲಿ ಶೇ 51.2.

ಎಡವುವುದು ಕೆಲವೊಮ್ಮೆ ಜೊತೆಗೆ ಕೊಡುವ ಔಷಧಿಯಲ್ಲಿ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಯನ್ನು ಕರಗಿಸುವ ದ್ರಾವಕಕ್ಕೆ ಅಲರ್ಜಿಯಾಗದಿರಲೆಂದು ಮೊದಲೇ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಅದು ಸ್ಟಿರಾಯ್ಡ್, ಟಿ ಕೋಶಗಳನ್ನು ತಣ್ಣಗಾಗಿಸುತ್ತದೆ. ಟಿ ಕೋಶಗಳ ತಡೆ ತೆಗೆಯುವ ಇನ್ನೊಂದು ಔಷಧಿ ಅಟೆಜೊಲಿಜುಮ್ಯಾಬ್, ಸ್ಟಿರಾಯ್ಡ್ ಬೇಡದ ನ್ಯಾಬ್-ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಫಲ ಕೊಟ್ಟು, ಮಾಮೂಲಿ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಸೋತಾಗ ಅನುಮಾನ ಸ್ಟಿರಾಯ್ಡ್ ಮೇಲೂ ಹೋಯಿತು. ಅದು ಸಾಬೀತಾಗಿಲ್ಲ. ನಿಮ್ಮಷ್ಟಕ್ಕೆ ನೀವೇ ಆ ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯದ ಅಲರ್ಜಿಯಾಗಬಹುದು; ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮನೆಯವರಿಗೆ ಎರಡು ಮಾತು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರವನ್ನು ಮರೆಮಾಡದೆ ನೇರವಾಗಿ ಆಸ್ಪತ್ರೆಗೆ ಹೋಗಿ, ಕೊನೆಯ ಕೀಮೋ ಆದ ದಿನಾಂಕ ಹೇಳಿ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದರೆ ಸೋಂಕು ಗಂಟೆಗಳಲ್ಲಿ ಕೈಮೀರಬಹುದು. ಫ್ಲೂ ಲಸಿಕೆಯನ್ನು ಸಾಧ್ಯವಾದರೆ ಕೀಮೋಗೆ ಎರಡು ವಾರ ಮುಂಚೆಯೇ ಹಾಕಿಸಿ. ದಡಾರ, ಸೀತಾಳೆ ಸಿಡುಬಿನಂಥ ಜೀವಂತ ವೈರಾಣುವಿನ ಲಸಿಕೆಗಳು ಕೀಮೋ ನಡೆಯುವಾಗ ಬೇಡವೇ ಬೇಡ.