ಸೋಮವಾರದ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರಾಥಮಿಕ ಶಾಲೆಯ ಮಕ್ಕಳಿಂದ ‘ನನ್ನ ಹವ್ಯಾಸ’ ಎಂಬ ಪ್ರಬಂಧ ಬರೆಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನೂ ಅದನ್ನು ವರ್ಷವರ್ಷವೂ ಬರೆಸಿದ್ದೇನೆ. 2021ರ ಕೊನೆಯಲ್ಲಿ ಒಂದು ಸಂಜೆ ನಾಲ್ಕನೆಯ ತರಗತಿಯ 23 ನೋಟ್ ಪುಸ್ತಕಗಳನ್ನು ತಿದ್ದಲು ಕುಳಿತಾಗ, 19 ಮಕ್ಕಳು ತಮ್ಮ ಹವ್ಯಾಸ ಅಂಚೆಚೀಟಿ ಸಂಗ್ರಹ ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ಕಾಗದ ಬರುವುದೇ ಅಪರೂಪವಾಗಿರುವ ಊರದು. ಪ್ರಬಂಧವನ್ನು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟವನು ನಾನೇ. ಮಕ್ಕಳು ಅದನ್ನು ಅಚ್ಚುಕಟ್ಟಾಗಿ ಇಳಿಸಿಕೊಂಡಿದ್ದರು. ಉಳಿದ ನಾಲ್ವರು ಇಳಿಸಿಕೊಳ್ಳಲಾಗದೆ ಅರ್ಧಕ್ಕೆ ಬಿಟ್ಟಿದ್ದರು.

ಮರುದಿನ, ಯಾರ ಬಳಿ ಅಂಚೆಚೀಟಿ ಇದೆಯೋ ಅವರು ತಂದು ತೋರಿಸಿ ಎಂದೆ. ಯಾರೂ ಏಳಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ನಾಲ್ವರಲ್ಲಿ ಒಬ್ಬಳು ಮಾತ್ರ ಎದ್ದುನಿಂತು, “ನಂಗೆ ಹವ್ಯಾಸ ಇಲ್ಲ ಸಾರ್, ಬೀಜ ಅಷ್ಟೇ ಐತೆ” ಎಂದಳು. ಬೀಜವೆಂದರೇನು ಎಂದು ಕೇಳಿದ್ದಕ್ಕೆ ಮಾರನೆಯ ದಿನ ಆರು ಬೆಂಕಿಪೊಟ್ಟಣಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡು ಬಂದಳು. ಒಂದೊಂದನ್ನೇ ತಳ್ಳಿ ತೆರೆದಂತೆ ಒಂದರಲ್ಲಿ ಹುಣಸೆ, ಒಂದರಲ್ಲಿ ಸೀತಾಫಲ, ಒಂದರಲ್ಲಿ ಬೇವು, ಒಂದರಲ್ಲಿ ಹರಳು, ಒಂದರಲ್ಲಿ ಹೊಂಗೆ. ಕೊನೆಯದರಲ್ಲಿ ಗುಲಗಂಜಿ ಇತ್ತು, ಮೈಯೆಲ್ಲ ಕೆಂಪು, ತುದಿಯಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಪ್ಪು. ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ, ಅದನ್ನು ಬಾಯಿಗೆ ಹಾಕಿ ಅಗಿಯಬಾರದು ಎಂದು ನಾನು ಹೇಳಹೊರಟರೆ, “ಗೊತ್ತು ಸಾರ್, ನಮ್ಮಜ್ಜಿ ಹೇಳೈತೆ” ಎಂದಳು. ಪ್ರಬಂಧದಲ್ಲಿ ಮೂರು ಸಾಲು ಬರೆಯಲಾಗದಿದ್ದ ಮಗು ಯಾವ ಬೀಜ ಯಾವ ಬೇಲಿಯಲ್ಲಿ ಸಿಕ್ಕಿತು, ಯಾವುದಕ್ಕೆ ಹುಳು ಬೀಳುತ್ತದೆ, ಹುಳು ಬೀಳದಂತೆ ಅಜ್ಜಿ ಅದಕ್ಕೆ ಬೂದಿ ಸವರುವುದು ಹೇಗೆ ಎಂಬುದನ್ನೆಲ್ಲ ಒಂದೂ ಮಾತು ತಡವರಿಸದೆ ಹೇಳಿತು. ಇಡೀ ತರಗತಿ ಕತ್ತು ಚಾಚಿ ಕೇಳಿತು. ಅದುವರೆಗೆ ಹವ್ಯಾಸವೆಂಬ ಪದವೇ ಆ ಮಗುವಿಗೂ ಅದರ ಬೆಂಕಿಪೊಟ್ಟಣಗಳಿಗೂ ನಡುವೆ ಅಡ್ಡ ನಿಂತಿತ್ತೆಂದು ನನಗೆ ಮನವರಿಕೆಯಾದದ್ದು ಆ ದಿನ.

ಆ ದಿನಗಳು ಎಂಥವೆಂಬುದನ್ನು ಕೇಳುಗರು ನೆನಪಿಗೆ ತಂದುಕೊಳ್ಳಬೇಕು. 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ನಮ್ಮ ಕಿರಿಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮ ಎಂಬ ಹೆಸರಿನಲ್ಲಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಸ್ವಲ್ಪ ಕಾಲ ಪಾಠ ನಡೆದಿತ್ತಾದರೂ, ಒಂದೂವರೆ ವರ್ಷಕ್ಕೂ ಮೀರಿ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿಯೇ ಇತ್ತು. ತೆರೆದ ದಿನ ತಳಿರುತೋರಣ ಕಟ್ಟಿ ಮಕ್ಕಳನ್ನು ಬರಮಾಡಿಕೊಂಡೆವು. ಆದರೆ ಬಂದ ಮಕ್ಕಳು ಮಾತೇ ಆಡಲಿಲ್ಲ. ಗದ್ದಲ ಮಾಡಬೇಡಿ ಎಂದು ಗದರುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನಮಗೆ ಆ ಮೌನವನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಹಿಂದೆಬಿದ್ದ ಪಾಠವನ್ನು ತುಂಬಿಸಿಕೊಡುವ ಆತುರದಲ್ಲಿ ಮಗ್ಗಿಯ ಹಿಂದೆ, ಕಾಗುಣಿತದ ಹಿಂದೆ ಓಡಿದೆವೇ ಹೊರತು, ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನೇ ಮರೆತಿದ್ದಾರೆಂಬುದು ಕೂಡಲೇ ಹೊಳೆಯಲಿಲ್ಲ. ಬೀಜದ ಹುಡುಗಿ ಅದನ್ನು ತೋರಿಸಿಕೊಟ್ಟ ಮೇಲೆ, ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಬಳಿಕದ ಹದಿನೈದು ನಿಮಿಷವನ್ನು ಮಕ್ಕಳ ಮಾತಿಗೆಂದು ಬಿಟ್ಟುಕೊಟ್ಟೆವು. ದಿನಾಂಕ, ಪಂಚಾಂಗ, ಪತ್ರಿಕೆಯ ತಲೆಬರಹ, ಸುಭಾಷಿತ ಇವೆಲ್ಲ ಬೇರೆ ದಿನಗಳಲ್ಲಿ ಎಂದಿನಂತೆ ನಡೆದವು. ಸೋಮವಾರ ಮಾತ್ರ ಮೂರು ಮಕ್ಕಳು ಮುಂದೆ ಬಂದು, ಮನೆಯಲ್ಲಿ ತಾವು ಇಷ್ಟಪಟ್ಟು ಮಾಡುವುದನ್ನೋ, ಕಳೆದ ವಾರ ಶಾಲೆಯಲ್ಲಿ ನಡೆದದ್ದನ್ನೋ ಹೇಳಬೇಕು, ಕೇಳುವವರು ಪ್ರಶ್ನೆ ಹಾಕಬೇಕು. ನಾವು ಶಿಕ್ಷಕರು ನಡುವೆ ಬಾಯಿಹಾಕಿ ತಿದ್ದಬಾರದು. ಈ ಕೊನೆಯ ನಿಯಮವನ್ನು ಪಾಲಿಸುವುದು ನಮಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಕ್ಕಳು ಏನೇನು ಹೇಳಿದರು! ಕ್ರಿಕೆಟ್ಟಂತೂ ಇದ್ದೇ ಇತ್ತು. ಚೌಕಾಬಾರ, ಕುಂಟೆಬಿಲ್ಲೆ, ಲಗೋರಿ, ಗೋಲಿ, ರಂಗೋಲಿಯ ಚುಕ್ಕಿ ಲೆಕ್ಕ, ಕುರಿಮರಿಗೆ ಹೆಸರಿಟ್ಟು ಕರೆಯುವುದು, ತಮ್ಮನಿಗೆ ಕಥೆ ಹೇಳಿ ಮಲಗಿಸುವುದು. ಮೊಬೈಲ್ ಆಟದ ವಿಷಯ ಹೇಳಿದವರೂ ಕೆಲವರಿದ್ದರು. ಅವರನ್ನು ಗದರಲಿಲ್ಲ; ಆ ಆಟ ಕಣ್ಣಿಗೆ ಕಾಣುವಂತೆ ಬಾಯಲ್ಲಿ ಹೇಳು ಎಂದೆವು. ಕಣ್ಣಿಗೆ ಕಾಣುವಂತೆ ಹೇಳಬೇಕಾದರೆ ಮಗು ಎಷ್ಟೊಂದು ಪದಗಳನ್ನು ಹುಡುಕಬೇಕಾಗುತ್ತದೆ ಎಂಬುದನ್ನು ಅಲ್ಲಿ ನಿಂತು ನೋಡಿದವರೇ ಬಲ್ಲರು.

ಐದನೆಯ ತರಗತಿಯ ಒಬ್ಬ ಹುಡುಗನ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಆಷಾಢದ ಗಾಳಿ ಬೀಸುವ ಕಾಲಕ್ಕೆ ಅವನು ಗಾಳಿಪಟ ಮಾಡುತ್ತಿದ್ದ. ಹಳೆಯ ಪತ್ರಿಕೆಯ ಹಾಳೆ, ತೆಂಗಿನ ಗರಿಯ ಕಡ್ಡಿ, ಅಂಟಿಗೆ ಅನ್ನದ ಅಗುಳು. ಸೂತ್ರ ಕಟ್ಟುವಾಗ ಮೇಲಿನ ದಾರಕ್ಕಿಂತ ಕೆಳಗಿನದು ತುಸು ಉದ್ದವಿರಬೇಕೆಂಬುದನ್ನು ಬೆರಳಳತೆಯಲ್ಲಿ ತೋರಿಸಿದ ಮೇಲೆ, “ಬಾಲಂಗೋಚಿ ಉದ್ದ ಆದ್ರೆ ಮೇಲಕ್ಕೇಳಲ್ಲ, ಗಿಡ್ಡ ಆದ್ರೆ ಗಿರಕಿ ಹೊಡೀತದೆ, ಅದ್ಕೇ ಮೊದ್ಲು ಉದ್ದ ಕಟ್ಟಿ ಆಮೇಲೆ ಚೂರುಚೂರೇ ಹರೀಬೇಕು” ಎಂದ. ಯಾಕೆ ಗಿರಕಿ ಹೊಡೆಯುತ್ತದೆ ಎಂದು ಒಬ್ಬಳು ಕೇಳಿದಾಗ ತುಸು ಹೊತ್ತು ಸುಮ್ಮನಿದ್ದು, ಹಗ್ಗ ಬಿಚ್ಚಿದ ಕರು ಹಾಗೇ ಅಲ್ಲವೇ ಓಡುವುದು ಎಂದ.

ಇದೇ ಹುಡುಗನನ್ನು ಆ ವರ್ಷ ಪ್ರತಿಭಾ ಕಾರಂಜಿಗೆ ಕರೆದುಕೊಂಡು ಹೋಗಿದ್ದೆವು. ಪ್ರತಿಭಾ ಕಾರಂಜಿಯ ವಿಷಯ ಕೇಳುಗರಿಗೆ ತಿಳಿದೇ ಇದೆ. ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಛದ್ಮವೇಷ, ಮಣ್ಣಿನ ಮಾದರಿ, ಆಶುಭಾಷಣ ಹೀಗೆ ಹಲವು ಸ್ಪರ್ಧೆಗಳು, ಸುತ್ತಲಿನ ಕೆಲವು ಶಾಲೆಗಳು ಸೇರಿದ ಕ್ಲಸ್ಟರ್ ಹಂತದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ. ಹಳ್ಳಿಯ ಎಷ್ಟೋ ಮಕ್ಕಳು ಮೊದಲ ಬಾರಿ ಮೈಕಿನ ಮುಂದೆ ನಿಂತದ್ದು ಅಲ್ಲಿಯೇ, ಅದರ ಉಪಕಾರವನ್ನು ನಾನು ಮರೆಯಲಾರೆ. ಆದರೆ ಅಂದು ನಮ್ಮ ಹುಡುಗನಿಗೆ ಒಬ್ಬ ದೊಡ್ಡವರು ಬರೆದುಕೊಟ್ಟಿದ್ದ ಭಾಷಣದ ಮೂರನೆಯ ವಾಕ್ಯ ಮರೆತುಹೋಯಿತು. ಮುಂದಿನ ಸಾಲಿನಲ್ಲಿ ಕುಳಿತವರು ಆ ವಾಕ್ಯವನ್ನು ಪಿಸುಗುಟ್ಟಿದಷ್ಟೂ ಅವನ ಕಣ್ಣು ತುಂಬುತ್ತಾ ಬಂತು. ಇಳಿಸಿ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ವಿದ್ಯುತ್ ತಂತಿಗೆ ಸಿಕ್ಕಿಕೊಂಡ ಗಾಳಿಪಟ ಕಂಡಾಗಲೆಲ್ಲ ಅದು ಯಾರು ಕಟ್ಟಿದ್ದು, ಸೂತ್ರ ಎಲ್ಲಿ ತಪ್ಪಿತು ಎಂದು ಊರು ಬರುವವರೆಗೂ ನನಗೆ ಹೇಳುತ್ತಲೇ ಇದ್ದ. ಆ ಮಾತಿಗೆ ವೇದಿಕೆ ಇರಲಿಲ್ಲವಲ್ಲ ಎಂಬ ವ್ಯಥೆ ನನ್ನಲ್ಲಿ ಇಂದಿಗೂ ಉಳಿದಿದೆ.

ವಾರ್ಷಿಕೋತ್ಸವ, ಕ್ರೀಡಾಕೂಟ, ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನಾಚರಣೆ ಇವುಗಳ ವರದಿಯನ್ನೂ ಮಕ್ಕಳೇ ಬರೆದು ಗೋಡೆ ಪತ್ರಿಕೆಗೆ ಹಚ್ಚತೊಡಗಿದರು. ಬರೆಯಲು ಬಾರದ ಚಿಕ್ಕವರಿಗೂ ಒಂದು ಜಾಗವಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಪದ್ಧತಿಯ ಕೋಣೆಗಳಲ್ಲಿ, ತಲೆಯ ಮೇಲೆ ದಾರಗಳನ್ನು ಅಡ್ಡಡ್ಡ ಎಳೆದು ಕಟ್ಟಿದ ‘ಚಪ್ಪರ’ವೊಂದಿರುತ್ತದೆ. ಒಂದು, ಎರಡನೆಯ ತರಗತಿಯ ಪುಟಾಣಿಗಳು ತಾವು ಕಂಡದ್ದನ್ನು ಚಿತ್ರವಾಗಿ ಬರೆದು ಅಲ್ಲಿ ತೂಗುಹಾಕುತ್ತಿದ್ದರು. ಕ್ರೀಡಾಕೂಟದ ಚಿತ್ರಗಳಲ್ಲಿ ಓಡುವವರಿಗಿಂತ ಹೆಚ್ಚಾಗಿ ಕಡಲೆಕಾಯಿ ಮಾರುವವರೇ ಇದ್ದರು.

ಮಕ್ಕಳ ಸಂತೆಯ ಮೇಲೆ ಆರನೆಯ ತರಗತಿಯ ಒಬ್ಬ ಬರೆದ ವರದಿಯನ್ನು ಓದಿ ಹೇಳಲೇಬೇಕು. ಮಕ್ಕಳ ಸಂತೆಯೆಂದರೆ, ಮನೆಯಲ್ಲಿ ಬೆಳೆದ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿಗಳನ್ನು ಮಕ್ಕಳೇ ತಂದು ಶಾಲೆಯ ಅಂಗಳದಲ್ಲಿ ಗುಡ್ಡೆಹಾಕಿ, ತಕ್ಕಡಿ ಹಿಡಿದು ಊರಿನವರಿಗೆ ಮಾರುವುದು. “ನಾನು ಕೊತ್ತಂಬರಿ ಸೊಪ್ಪು 10 ಕಟ್ಟು ತಂದಿದ್ದೆ. ಒಂದು ಕಟ್ಟಿಗೆ 5 ರೂಪಾಯಿ. 9 ಹೋಯಿತು. ಒಂದು ಬಾಡಿತು. ಅದನ್ನು ಬಿಸಿಯೂಟದ ಅಕ್ಕನಿಗೆ ಕೊಟ್ಟೆ. ಸಾರು ಘಮ ಅಂತಿತ್ತು. ಅಪ್ಪ ಸಂತೆಯಲ್ಲಿ ಸಂಜೆಯಾದರೆ ಯಾಕೆ ಬೆಲೆ ಇಳಿಸುತ್ತಾರೆ ಅಂತ ಗೊತ್ತಾಯಿತು.” ಇಷ್ಟೇ ವರದಿ. ನಮ್ಮ ಸಹೋದ್ಯೋಗಿಯೊಬ್ಬರು ‘ಹೋಯಿತು’ ಎಂಬುದನ್ನು ‘ಮಾರಾಟವಾದವು’ ಎಂದು ತಿದ್ದಲು ಕೆಂಪು ಪೆನ್ನು ತೆಗೆದವರು, ಕೊನೆಯ ಸಾಲು ಓದಿ ಪೆನ್ನು ಮುಚ್ಚಿಟ್ಟರು. ಕಾಗುಣಿತದ ತಪ್ಪನ್ನು ತಿದ್ದುವುದಕ್ಕೆ ಬೇರೆ ಹೊತ್ತಿದೆ. ಗೋಡೆಗೆ ಹಚ್ಚುವುದು ಮಗುವಿನ ಮಾತಾಗಿಯೇ ಇರಲಿ ಎಂಬುದನ್ನು ನಾನು ಶಿಕ್ಷಕಮಿತ್ರರಲ್ಲಿಯೂ ತಂದೆತಾಯಿಯರಲ್ಲಿಯೂ ಕೈಮುಗಿದು ಬೇಡಿಕೊಳ್ಳುತ್ತೇನೆ.

2023ರ ಆರಂಭದಲ್ಲಿ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ನಡೆದಾಗ ಸ್ಪರ್ಧೆಯಿಲ್ಲದ ಆ ಹಬ್ಬದಲ್ಲಿ ನಮ್ಮ ಮಕ್ಕಳ ಬಾಯಿಗೆ ಬಿಡುವೇ ಇರಲಿಲ್ಲ. ಅದರಲ್ಲಿ ‘ಊರು ತಿಳಿಯೋಣ’ ಎಂಬ ಒಂದು ವಿಭಾಗವಿತ್ತು. ಮಕ್ಕಳು ತಂಡ ಕಟ್ಟಿಕೊಂಡು ಊರೊಳಗೆ ಹೋಗಿ ಹಿರಿಯರನ್ನು, ಕಸುಬುದಾರರನ್ನು ಮಾತನಾಡಿಸಿಕೊಂಡು ಬರಬೇಕು. ನಮ್ಮ ಬೀಜದ ಹುಡುಗಿ, ಆಗ ಐದನೆಯ ತರಗತಿಯವಳು, ತನ್ನ ತಂಡವನ್ನು ಅಕ್ಕಸಾಲಿಗರೊಬ್ಬರ ಮನೆಗೆ ಕರೆದುಕೊಂಡು ಹೋದಳು. ಹಿಂದೆ ಚಿನ್ನವನ್ನು ಗುಲಗಂಜಿಯಿಂದ ತೂಗುತ್ತಿದ್ದರೆಂದು ಅಜ್ಜಿ ಹೇಳಿದ್ದರಂತೆ, ಅದು ನಿಜವೋ ಎಂದು ಕೇಳಬೇಕಿತ್ತು. ಆ ಹಿರಿಯರು ಅವಳ ಪೊಟ್ಟಣದಿಂದ ನೂರು ಬೀಜ ಎಣಿಸಿ ತಮ್ಮ ತಕ್ಕಡಿಯಲ್ಲಿಟ್ಟರು. 12 ಗ್ರಾಮಿನ ಹತ್ತಿರ ಬಂತು. ಒಂದಕ್ಕೆ ಎಷ್ಟಾಯಿತೆಂದು ಮಕ್ಕಳು ಅಲ್ಲೇ ನೆಲದ ಮೇಲೆ ಭಾಗಾಕಾರ ಮಾಡಿದರು. ದಶಮಾಂಶದ ಪಾಠ ಆ ವರ್ಷ ಅವಳಿಗೆ ಮತ್ತೆ ಹೇಳಬೇಕಾಗಲಿಲ್ಲ.

ಅದೇ ವರ್ಷ ಉಡುಪಿಯ ಕಡೆ ಶಿಕ್ಷಕಿಯಾಗಿರುವ ನನ್ನ ಪರಿಚಯದವರೊಬ್ಬರ ಶಾಲೆಯ ಮಕ್ಕಳೊಂದಿಗೆ ನಮ್ಮ ಮಕ್ಕಳು ಕಾರ್ಡು ಬರೆದುಕೊಳ್ಳಲು ತೊಡಗಿದರು. 50 ಪೈಸೆಯ ಕಾರ್ಡಿನಲ್ಲಿ ಇಡೀ ವಾರ್ಷಿಕೋತ್ಸವವನ್ನು ತುಂಬಿಸುವ ಪ್ರಯತ್ನವೂ ನಡೆಯಿತು. ಅಲ್ಲಿಯ ಮಕ್ಕಳು ಶಾಲೆಯ ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದ್ದನ್ನು ಬರೆದರು. ನಮ್ಮವರು ಕೋಲಾಟದಲ್ಲಿ ಕೋಲು ಮುರಿದದ್ದನ್ನು ಬರೆದರು. ನಮ್ಮವರು ಅಳಿಗುಳಿಮಣೆಯ ವಿಷಯ ಬರೆದಾಗ, ನಾವು ಅದನ್ನು ಚೆನ್ನೆಮಣೆ ಎನ್ನುತ್ತೇವೆ, 14 ಗುಳಿಗೂ ನಾಲ್ಕು ನಾಲ್ಕು ಮಂಜೊಟ್ಟಿ ಬೀಜ ಇಡುತ್ತೇವೆ, ನೀವು ಏನು ಇಡುತ್ತೀರಿ ಎಂದು ಉತ್ತರ ಬಂತು. ನಾವು ಹುಣಸೆಬೀಜ, ಅದೂ ಐದೈದು ಎಂದು ನಮ್ಮವರು ಬರೆದರು. ಮಂಜೊಟ್ಟಿ ಎಂದರೆ ಹೇಗಿರುತ್ತದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಒಬ್ಬಳು ಕೇಳಿದ್ದಳು. ಯಾರೆಂದು ನಾನು ಹೇಳಬೇಕಾಗಿಲ್ಲ.

ಹದಿನೈದು ದಿನಗಳ ನಂತರ ಒಂದು ದಪ್ಪ ಲಕೋಟೆ ಬಂತು. ಅದರೊಳಗೆ ಕಾಗದದಲ್ಲಿ ಮಡಿಸಿಟ್ಟ ಕೆಂಪು ಬೀಜಗಳು. ಗುಲಗಂಜಿಗಿಂತ ಚಪ್ಪಟೆ, ಕಪ್ಪು ಚುಕ್ಕೆಯಿಲ್ಲದ್ದು. ಮುಂದಿನ ಸೋಮವಾರ ಅವಳು ಏಳನೆಯ ಬೆಂಕಿಪೊಟ್ಟಣವನ್ನು ಹಿಡಿದು ಎಲ್ಲರ ಮುಂದೆ ನಿಂತಳು. ಪೊಟ್ಟಣದ ಮೇಲೆ ಬಿಳಿ ಚೀಟಿ ಅಂಟಿಸಿ ‘ಮಂಜೊಟ್ಟಿ, ಉಡುಪಿಯಿಂದ ಬಂದದ್ದು’ ಎಂದು ಬರೆದಿದ್ದಳು. ಲಕೋಟೆಯನ್ನು ಏನು ಮಾಡಿದೆ ಎಂದು ನಾನು ಕೇಳಿದೆ. ಅದರ ಮೂಲೆಯ ಅಂಚೆಚೀಟಿಯನ್ನು ನೀರಲ್ಲಿ ನೆನೆಸಿ ಬಿಡಿಸಿ, ಪುಸ್ತಕದ ನಡುವೆ ಒಣಗಲು ಇಟ್ಟಿದ್ದೇನೆ ಎಂದಳು.

ನಮಸ್ಕಾರ.